ಹುಣಸೆಮರದ ತಿರುವಿನಲ್ಲಿ ಬ್ರೇಕ್ ಹಾಕಿ

ಮರಾಠಿ ಗಡಿನಾಡಿನ ಉದಗಾಂವದಿಂದ ನಾಂದಣಿ ಕಡೆಗೆ ಹೋಗುವ ಒಳದಾರಿಯಲ್ಲಿ ಒಂದು ಹುಣಸೆಮರ ಇದೆ. ರಸ್ತೆ ಆ ಮರದ ಬುಡಕ್ಕೆ ಬಂದು ಒಮ್ಮೆಲೇ ಎಡಕ್ಕೆ ಹೊರಳುತ್ತದೆ. ಎರಡೂ ಕಡೆ ಆಳಿಗಿಂತ ಎತ್ತರದ ಕಬ್ಬು. ತಿರುವಿನ ಆಚೆ ಏನಿದೆ ಎಂಬುದು ತಿರುಗುವ ತನಕ ಯಾರಿಗೂ ಕಾಣುವುದಿಲ್ಲ.

ಮರದ ಬುಡದಲ್ಲಿ ಯಾವಾಗ ನೋಡಿದರೂ ನಿಂಬೆಹಣ್ಣು, ಒಡೆದ ತೆಂಗಿನಕಾಯಿ, ಕುಂಕುಮ ಮೆತ್ತಿದ ಅನ್ನದ ಉಂಡೆ ಬಿದ್ದಿರುತ್ತವೆ. ಆ ಅನ್ನವನ್ನು ನಾಯಿ ಕೂಡ ಮುಟ್ಟುವುದಿಲ್ಲ ಎನ್ನುತ್ತಾರೆ. ಅಲ್ಲಿ ಗಾಡಿ ನಿಧಾನ ಮಾಡಬಾರದು, ಮಾಡಿದರೆ 'ಅದು' ಹಿಂದಿನಿಂದ ಹತ್ತಿ ಕೂರುತ್ತದೆ ಎಂಬುದು ಎತ್ತಿನ ಗಾಡಿಯ ಕಾಲದಿಂದ ಬಂದ ಮಾತು. ಹಾಲಿನವರು, ಟ್ರ್ಯಾಕ್ಟರಿನವರು, ಕಾಲೇಜಿಗೆ ಹೋಗುವ ಮೋಟರ್‌ಸೈಕಲ್ ಹುಡುಗರು, ಎಲ್ಲರೂ ಮರ ಬಂತೆಂದರೆ ಉಸಿರು ಬಿಗಿಹಿಡಿದು ವೇಗ ಹೆಚ್ಚಿಸುತ್ತಾರೆ. ಎದುರಿಗೆ ಏನಿದೆ ಎಂದು ಕಾಣದ ತಿರುವಿನಲ್ಲಿ ವೇಗ. ಇದಕ್ಕಿಂತ ದೊಡ್ಡ ಹೆಡ್ಡತನ ಬೇಕೇ? ಆದರೂ ಯಾರೂ ಕೇಳಿರಲಿಲ್ಲ.

ಹೋದ ವರ್ಷದ ಕಬ್ಬಿನ ಹಂಗಾಮಿನಲ್ಲಿ ಅದೇ ತಿರುವಿನ ಆಚೆ ಮಲ್ಲಿನಾಥನ ಮಗ ಕೇದಾರ ಸತ್ತ. ಹತ್ತೊಂಬತ್ತರ ಹುಡುಗ. ಅಪ್ಪ ಕೊಡಿಸಿದ ಕಪ್ಪು ಸ್ಪೋರ್ಟ್ಸ್ ಕಾರು, ಕೆಟ್ಟು ನಿಂತಿದ್ದ ಕಬ್ಬಿನ ಟ್ರೇಲರ್‌ನ ಕೆಳಗೆ ಅರ್ಧ ಹೊಕ್ಕಿತ್ತು. ರಸ್ತೆಯ ಮೇಲೆ ಬ್ರೇಕ್ ಹಾಕಿದ ಗೀರು ಒಂದೂ ಇರಲಿಲ್ಲ. ಅದನ್ನು ನೋಡಿ ಊರವರ ದನಿ ತಗ್ಗಿತು. ಬ್ರೇಕ್ ತುಳಿಯಲು ಹೋದ ಕಾಲನ್ನು 'ಅದು' ಹಿಡಿದುಕೊಂಡಿತ್ತು ಎಂದರು.

ಅಂಥ ಊರಿನಲ್ಲಿ ಈ ವರ್ಷದ ಯುಗಾದಿ ಪಾಡ್ಯಕ್ಕೆ ಭೀಮಗೊಂಡ ತನ್ನ ಮಗ ರೋಹನನಿಗೆ ಕೆಂಪು ಸ್ಪೋರ್ಟ್ಸ್ ಕಾರು ತರಲು ಹೊರಟಿದ್ದ. ಭೀಮಗೊಂಡನಿಗೆ ಊರಲ್ಲಿ ಕಬ್ಬಿನ ಹೊಲ, ಜಯಸಿಂಗಪುರದಲ್ಲಿ ಗೊಬ್ಬರದ ಅಂಗಡಿ. ಇರುವವನು ಒಬ್ಬನೇ ಮಗ.

"ಅಲ್ಲರೀ, ಇವಗ ಇನ್ನೂ ಮೀಸಿ ಸರಿಯಾಗಿ ಬಂದಿಲ್ಲ. ಅಂಥಾ ಗಾಡಿ ಯಾಕ?" ಹೆಂಡತಿ ಬಾಳಕ್ಕ ಕೇಳಿದಳು.

"ಗಾಡಿ ಏನು ಮೀಸಿಲೇ ನಡಸ್ತಾರೇನ?" ಭೀಮಗೊಂಡ ನಕ್ಕ. "ಹದಿನೆಂಟು ತುಂಬ್ಯಾವ. ಲೈಸನ್ಸ್ ಬಂದೈತಿ. ಇಡೀ ಶಿರೋಳ ತಾಲೂಕಿನ್ಯಾಗ ಇಂಥಾ ಗಾಡಿ ಇನ್ನೊಂದಿಲ್ಲ."

"ಇತ್ತು. ಮಲ್ಲಿನಾಥಣ್ಣನ ಮನ್ಯಾಗ."

ಭೀಮಗೊಂಡನ ನಗೆ ನಿಂತಿತು. "ಅದು ಗಾಡಿ ತಪ್ಪಲ್ಲ, ಜಾಗಾದ ತಪ್ಪು. ನಾ ಎಲ್ಲಾ ವ್ಯವಸ್ಥಾ ಮಾಡೇನಿ. ದೃಷ್ಟಿ ತಾಗದಂಗ ಮುಂದ ಕರಿಗೊಂಬಿ ಕಟ್ಟಸ್ತೇನಿ, ಗಾಲಿ ಕೆಳಗ ನಿಂಬಿಹಣ್ಣ ಇಡಸ್ತೇನಿ. ಅಮಾಸಿಗೊಮ್ಮೆ ಆ ಗಿಡದ ಬುಡಕ್ಕ ಅನ್ನಾ ಇಳಿಸಿ ಬರೂದು. ಮತ್ತೇನ ಬೇಕು?"

ಕಟ್ಟೆಯ ಮೇಲೆ ಕೂತಿದ್ದ ಅವನ ತಾಯಿ ಮಾಯವ್ವ ಮೊಮ್ಮಗನನ್ನು ಹತ್ತಿರ ಕರೆದಳು. "ರೋಹನಾ, ಗಿಡದ ಹತ್ರ ಮಾತ್ರ ನಿಂದ್ರಬ್ಯಾಡಪಾ. ಬ್ರೇಕ್ ಗೀಕ್ ಹಾಕಬ್ಯಾಡ. ಜೋರ ಹೊಡಕೊಂಡ ಬಂದಬಿಡು."

"ಗೊತ್ತೈತಿ ಅಜ್ಜಿ. ಸಣ್ಣಾಂವ ಇದ್ದಾಗಿಂದ ಇದನ್ನs ಹೇಳಾಕತ್ತೀದಿ," ಎಂದ ರೋಹನ, ಫೋನಿನಲ್ಲಿ ಕೆಂಪು ಗಾಡಿಯ ಚಿತ್ರ ನೋಡುತ್ತ.

ಕಾರಿನ ಪೂಜೆಗೆ ಕರೆಯಲು ಭೀಮಗೊಂಡ ಪೇಢೆಯ ಡಬ್ಬಿ ಹಿಡಿದು ಮಲ್ಲಿನಾಥನ ಮನೆಗೆ ಹೋದ. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ಕರೆಯದಿದ್ದರೆ ತಪ್ಪಾಗುತ್ತದೆ, ಕರೆದರೂ ತಪ್ಪಾಗುತ್ತದೆ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಮುಸ್ಸಂಜೆ. ಕಬ್ಬು ಕಡಿದ ಹೊಲಗಳಲ್ಲಿ ಉಳಿದ ಒಣ ಗರಿಗೆ, ರವದಿಗೆ, ಬೆಂಕಿ ಇಟ್ಟಿದ್ದರು. ಹೊಗೆ ಮೇಲೇಳದೆ ನೆಲಕ್ಕಂಟಿಕೊಂಡು ಮನೆಗಳ ಕಡೆಗೆ ತೆವಳುತ್ತಿತ್ತು.

ಮಲ್ಲಿನಾಥ ಮನೆಯ ಹಿತ್ತಲಲ್ಲಿದ್ದ. ಅಲ್ಲಿ ಹೊದಿಸಿದ್ದ ತಾಡಪತ್ರಿ ಸರಿಸಿದ್ದ, ಕೆಳಗೆ ಕೇದಾರನ ಕಾರಿತ್ತು. ಪೊಲೀಸರು ಬಿಟ್ಟ ಮೇಲೆ ಅದನ್ನು ಗುಜರಿಗೆ ಹಾಕದೆ ಮನೆಗೆ ತಂದಿದ್ದ. ಮುಂದಿನ ಅರ್ಧ ಇರಲೇ ಇಲ್ಲ. ಹಿಂದಿನ ಅರ್ಧ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು, ಈಗ ತಾನೇ ಯಾರೋ ಒರೆಸಿದಂತೆ.

ಮಲ್ಲಿನಾಥ ಟ್ರ್ಯಾಕ್ಟರಿನ ಬ್ಯಾಟರಿ ತಂದು ಕಾರಿನ ಪಕ್ಕದಲ್ಲಿಟ್ಟು ಎರಡು ವೈರು ಸಿಕ್ಕಿಸುತ್ತಿದ್ದ.

"ಏನ್ ಮಾಡಾಕತ್ತೀಲೇ ಮಲ್ಲ್ಯಾ?"

"ಸುಮ್ಮ ನಿಂದ್ರು."

ಮಲ್ಲಿನಾಥ ಜೇಬಿನಿಂದ ಚಾವಿ ತೆಗೆದು ಗುಂಡಿ ಒತ್ತಿದ. ಸತ್ತು ಬಿದ್ದ ಕಾರು 'ಕುಂಯ್ ಕುಂಯ್' ಎಂದಿತು. ಹಿಂದಿನ ಎರಡು ದೀಪ ಹೊಗೆಯೊಳಗೆ ಎರಡು ಸಲ ಕಣ್ಣು ತೆರೆದು ಮುಚ್ಚಿದವು.

ಭೀಮಗೊಂಡ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಒಳಗಿನಿಂದ ಮಲ್ಲಿನಾಥನ ಹೆಂಡತಿ ಮನೀಷಾಳ ದನಿ ಬಂತು. ಸಿಟ್ಟಿಲ್ಲ, ಅಳುವಿಲ್ಲ, ದಿನವೂ ಕರೆಯುವ ದನಿ.

"ಕೇದಾರಾ, ಬಂದ್ಯಾ? ಕೈಕಾಲ ತೊಳಕೋ, ತಾಟ ಹಾಕ್ತೇನಿ."

ಒಳಗೆ ತಾಟು ಇಟ್ಟ ಸದ್ದು ಕೇಳಿಸಿತು. ಒಂದು. ಎರಡು. ಮೂರು.

"ಅವ ಗಾಡಿ ಹಚ್ಚಿ ಲಾಕ್ ಮಾಡಿದಾಗ ಇದs ಸಪ್ಪಳ ಬರ್ತಿತ್ತು," ಎಂದ ಮಲ್ಲಿನಾಥ, ವೈರು ಬಿಚ್ಚುತ್ತ. "ಇದು ಕೇಳಿದ್ರs ಆಕಿ ಅಡಗಿಮನಿಗೆ ಹೋಗ್ತಾಳ. ಇಲ್ಲಂದ್ರ ಇಡೀ ದಿನ ಬಾಯಾಗ ನೀರ ಹಾಕಂಗಿಲ್ಲ. ಡಾಕ್ಟರ್ ಔಷಧ ಕೊಟ್ಟಾರ. ಅದು ನಾಟೂತನಕ ಆಕಿ ಉಣಬೇಕಲ್ಲ." ಅವನ ಕಣ್ಣು ಡಬ್ಬಿಯ ಮೇಲೆ ಬಿತ್ತು. "ಪೇಢೆ ಯಾತಕ್ಕ?"

ಭೀಮಗೊಂಡ ಹೇಳಿದ. ಹೇಳುವಾಗ ಕಾರಿನ ಕಡೆ ನೋಡಲಿಲ್ಲ.

"ಲೈಸನ್ಸ್ ಬಂದೈತಿ ಅಂತೀ. ಪರೀಕ್ಷಾ ಯಾವ ಗಾಡಿ ಮ್ಯಾಲ ಕೊಟ್ಟಾ?"

"ಡ್ರೈವಿಂಗ್ ಸ್ಕೂಲಿನ ಹಳೀ ಗಾಡಿ ಮ್ಯಾಲ."

"ಮೈದಾನದಾಗ ಎಂಟಿನ ಆಕಾರ ಸುತ್ತಸ್ಯಾರ, ಸಣ್ಣ ಗೇರಿನ್ಯಾಗ. ಹೌದಿಲ್ಲೋ? ಅದನ್ನ ನೋಡಿ ಅವಗ ಕುದರಿ ಕೊಡಾಕತ್ತೀಯಲ್ಲ, ಎಷ್ಟು ಜೋರೈತಿ ಅದು?"

"ನಿಂತಲ್ಲಿಂದ ನೂರರ ವೇಗಕ್ಕ ಹೋಗಾಕ ಉಗುಳು ನುಂಗೂವಷ್ಟು ಹೊತ್ತು ಸಾಕಂತ," ಎಂದ ಭೀಮಗೊಂಡ. ಊರೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದ ಮಾತನ್ನು ಇಲ್ಲಿ ತಗ್ಗಿದ ದನಿಯಲ್ಲಿ ಬೇಗ ಹೇಳಿ ಮುಗಿಸಿದ. "ಆದ್ರ ಮಲ್ಲ್ಯಾ, ಕೇದಾರಂದು ಗಾಡಿದಲ್ಲ. ಆ ಜಾಗಾ ಖರಾಬ ಐತಿ. ಅದು ಕಾಲ ಹಿಡದಿತ್ತು."

ಮಲ್ಲಿನಾಥ ತಾಡಪತ್ರಿ ಎಳೆದು ಕಾರನ್ನು ಮುಚ್ಚಿದ. "ನಾಳೆ ಇದs ಹೊತ್ತಿಗೆ ರೋಹನನ್ನ ಕರಕೊಂಡ ಬಾ. ನಿನ್ನ ಹಳೀ ಜೀಪ್ ತಗೊಂಡ ಬಾ. ಅವನs ನಡಸಲಿ."

ಮರುದಿನ ಮೂವರೂ ಹೊರಟರು. ರೋಹನ ಸ್ಟೇರಿಂಗ್ ಹಿಡಿದಿದ್ದ, ಪಕ್ಕದಲ್ಲಿ ಭೀಮಗೊಂಡ, ಹಿಂದೆ ಮಲ್ಲಿನಾಥ. ಸೂರ್ಯ ಕೆಂಪಾಗಿ ಕಬ್ಬಿನ ತುದಿಗೆ ಇಳಿದಿದ್ದ. ರವದಿಯ ಹೊಗೆ ರಸ್ತೆಗೆ ಅಡ್ಡ ಹರಿದಿತ್ತು. ಹೊಗೆಯಲ್ಲಿ ಮೊದಲು ಹುಣಸೆಮರದ ತಲೆ ಕಂಡಿತು, ಬುಡ ಕಾಣಲಿಲ್ಲ. ಗಾಳಿಯಲ್ಲಿ ತೂಗುವಂತಿತ್ತು.

ರೋಹನ ಉಸಿರು ಬಿಗಿಹಿಡಿದ. ಜೀಪು ಗುರ್ರೆಂದು ಮುಂದೆ ಜಿಗಿಯಿತು. ಮರ ಎಡಕ್ಕೆ ಸರಿಯಿತು, ಗಾಲಿ ತೆಂಗಿನ ಚಿಪ್ಪಿನ ಮೇಲೆ ಕಟಕ್ಕೆಂದಿತು, ರಸ್ತೆ ಹೊರಳಿತು.

ಎದುರಿಗೆ ಕಬ್ಬು. ರಸ್ತೆಯ ನಡುವೆ.

ರೋಹನ ಎರಡೂ ಕಾಲಲ್ಲಿ ಬ್ರೇಕ್ ತುಳಿದ. ಜೀಪು ಚೀರಿತು, ಅಡ್ಡ ಜಾರಿತು, ನಿಂತಿತು. ಟ್ರೇಲರ್‌ನಿಂದ ಹೊರಚಾಚಿದ ಕಬ್ಬಿನ ತುದಿಗಳು ಮುಂದಿನ ಗಾಜಿಗೆ ತಾಗಿ, ಉಗುರಿನಿಂದ ಕೆರೆದಂತೆ ಮೆಲ್ಲಗೆ ಸದ್ದು ಮಾಡಿದವು.

ಟ್ರೇಲರ್‌ನ ಕೆಳಗಿನಿಂದ, ಹೊಗೆಯೊಳಗೆ, ಏನೋ ಒಂದು ಎದ್ದು ನಿಂತಿತು. ಮೈಯೆಲ್ಲ ಬೂದಿ. ರೋಹನ ಸೀಟಿನ ಬೆನ್ನಿಗೆ ಒತ್ತಿಕೊಂಡ.

"ಬ್ರೇಕ್ ಹಾಕಿದ್ರ್ಯಾ?" ಎಂದಿತು ಆ ಆಕೃತಿ. "ಇಲ್ಲೆ ಯಾರೂ ಹಾಕಂಗಿಲ್ಲಲ್ರಿ."

ಟ್ರ್ಯಾಕ್ಟರ್ ನಡೆಸುವ ಲಗಮಣ್ಣ. ಟಯರ್ ಒಡೆದಿತ್ತು, ಕೆಳಗೆ ಜಾಕ್ ಹಚ್ಚುತ್ತಿದ್ದ. ಟ್ರೇಲರ್‌ನ ಹಿಂದೆ ದೀಪವಿಲ್ಲ, ಕೆಂಪು ಬಟ್ಟೆಯೂ ಇಲ್ಲ.

"ದೆವ್ವಾ ಅಂತ ತಿಳಿದ್ವಿ ನಿನ್ನ," ಎಂದ ಭೀಮಗೊಂಡ.

"ನಾನೂ ನಿಮ್ಮ ಜೀಪ್ ಬಂದದ್ದ ನೋಡಿ ಯಮಾ ಅಂತ ತಿಳಿದೆ," ಎಂದ ಲಗಮಣ್ಣ. ಯಾರಿಗೂ ನಗು ಬರಲಿಲ್ಲ.

ಮಲ್ಲಿನಾಥ ಹಿಂದಿನಿಂದ ಮುಂದಕ್ಕೆ ಬಾಗಿದ. "ರೋಹನ, ತಿರುವಿನ್ಯಾಗ ಯಾಕ ಜೋರ ಮಾಡಿದಿ?"

"ಬ್ರೇಕ್ ಹಾಕಬಾರದು ಅಂತ ಅಜ್ಜಿ ಹೇಳ್ಯಾಳ್ರಿ ಕಾಕಾ. ಎಲ್ಲಾರೂ ಹೇಳ್ತಾರ."

"ಕೇದಾರಗೂ ಹೇಳಿದ್ರು. ನಾನs ಹೇಳಿದ್ದೆ." ಮಲ್ಲಿನಾಥನ ದನಿ ಏರಲಿಲ್ಲ. "ಅವ ಕುಡಿದಿರಲಿಲ್ಲ. ಬೆಲ್ಟ್ ಹಾಕಿದ್ದಾ, ಅದನ್ನ ನನ್ನ ಕೈಲೆ ಬಿಚ್ಚೇನಿ. ಲೈಸನ್ಸ್ ಕಿಸೇದಾಗ ಇತ್ತು. ರಸ್ತೆ ಮ್ಯಾಲ ಗೀರ ಯಾಕ ಇರಲಿಲ್ಲ ಗೊತ್ತೈತೇನ? ಯಾರೂ ಅವನ ಕಾಲ ಹಿಡದಿರಲಿಲ್ಲ. ಅವ ನಮ್ಮ ಮಾತ ಕೇಳಿದಾ. ಕಾಲಾಗ ಅಂಥಾ ಗಾಡಿ ಕೊಟ್ಟಿದ್ದೆ, ತಲ್ಯಾಗ ಇಂಥಾ ಮಾತ ಕೊಟ್ಟಿದ್ದೆ. ಟ್ರೇಲರ್ ಕಾಣೂದ್ರಾಗ ಎಲ್ಲಾ ಮುಗದಿತ್ತು."

"ಜೀಪ್ ನಿಂತತಲ್ಲ," ಎಂದ ಭೀಮಗೊಂಡ. ಇನ್ನೂ ವಾದ ಬಿಟ್ಟಿರಲಿಲ್ಲ.

"ಮುದಿ ಜೀಪ್ ಐತಿ. ಒತ್ತಿದ್ರೂ ಓಡಲಿಲ್ಲ, ಅದಕ್ಕ ನಿಂತತಿ. ನೀ ತರಾಕತ್ತಿದ ಗಾಡಿ ಆಗಿದ್ರ ಈಗ ಲಗಮಣ್ಣನೂ ಇರ್ತಿದ್ದಿಲ್ಲ, ನಾವೂ ಇರ್ತಿದ್ದಿಲ್ಲ. ಹುಡುಗರ ಕಾಲ ತಲಿಗಿಂತ ಮೊದಲ ಓಡ್ತೈತಿ, ಅದು ವಯಸ್ಸಿನ ಗುಣ. ಅಂಥಾ ಕಾಲಿನ ಕೆಳಗ ಅಷ್ಟು ಜೋರ ಇಡಬಾರದು." ಮಲ್ಲಿನಾಥ ಗೆಳೆಯನ ಭುಜ ಮುಟ್ಟಿದ. "ಭೀಮ್ಯಾ, ನಿನ್ನ ಕಾಲ ನೋಡಕೋ."

ಭೀಮಗೊಂಡ ಕೆಳಗೆ ನೋಡಿದ. ಪಕ್ಕದ ಸೀಟಿನಲ್ಲಿ ಕೂತಿದ್ದರೂ, ಅಲ್ಲಿ ಒತ್ತಲು ಏನೂ ಇಲ್ಲದಿದ್ದರೂ, ಅವನ ಬಲಗಾಲು ನೆಲವನ್ನು ಒತ್ತಿಹಿಡಿದಿತ್ತು. ಮರ ಕಂಡಾಗ ವೇಗ ಹೆಚ್ಚಿಸುವವನಂತೆ ಒತ್ತಿದ್ದು ಇನ್ನೂ ಬಿಟ್ಟಿರಲಿಲ್ಲ. ಅವನು ಅದನ್ನು ಎತ್ತಲು ನೋಡಿದ. ಯಾರೋ ಹಿಡಿದುಕೊಂಡಂತೆ ಅದು ಗಟ್ಟಿಯಾಗಿತ್ತು. ಎರಡೂ ಕೈಯಿಂದ ತೊಡೆ ಹಿಡಿದು ಎತ್ತಬೇಕಾಯಿತು.

ಮನೆಗೆ ಬಂದವನೇ ತಾಯಿಯ ಮುಂದೆ ಕೂತ. "ಅವ್ವಾ, ಗಿಡದ ಹತ್ರ ಜೋರ ಹೊಡೀರಿ ಅಂತ ನಿನಗ ಯಾರು ಹೇಳಿದ್ರು?"

"ನಮ್ಮ ಮಾವ. ಎತ್ತಿನ ಗಾಡ್ಯಾಗ ಬರುಮುಂದ ಹೇಳ್ತಿದ್ರು."

"ಎತ್ತು ಎಷ್ಟು ಓಡ್ತಿದ್ವು?"

ಮಾಯವ್ವ ಯೋಚಿಸಿದಳು. "ನಾ ಕೆಳಗಿಳಿದು ಜೋಡೀಲೆ ನಡದ್ರ ನಾನs ಮುಂದ ಇರ್ತಿದ್ದೆ." ಹಾಗೆಂದವಳ ಮುಖ ಬಿಳಿಚಿತು. ಕೇದಾರನಿಗೂ ಅದನ್ನೇ ಹೇಳಿದ್ದು ಅವಳಿಗೆ ನೆನಪಾಗಿತ್ತು. ಮೊಮ್ಮಗನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಪಾಡ್ಯದ ದಿನ ಮನೆಯ ಮುಂದೆ ಬಿದಿರಿನ ಕೋಲಿಗೆ ಹೊಸ ಬಟ್ಟೆ ಕಟ್ಟಿದ ಹಬ್ಬದ ಗುಡಿ ಏರಿತು, ಕೆಂಪು ಕಾರು ಬರಲಿಲ್ಲ. ಭೀಮಗೊಂಡ ಅದನ್ನು ಬೇಡವೆಂದು ಹೇಳಿ ಒಂದು ಸಣ್ಣ ಬಿಳಿ ಗಾಡಿ ತಂದ. ಅದೂ ಮನೆಯ ಹೆಸರಿನಲ್ಲಿ, ರೋಹನನ ಹೆಸರಿನಲ್ಲಲ್ಲ. ಚಾವಿ ಬಾಳಕ್ಕನ ಬಳಿ. ಹೋಗುವಾಗ ಕೇಳಿ ತೆಗೆದುಕೊಳ್ಳಬೇಕು, ಬಂದ ಮೇಲೆ ಕೊಡಬೇಕು. ಮೊದಲ ವರ್ಷ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ರೋಹನ ಮುಖ ಊದಿಸಿಕೊಂಡ. ಜೀಪಿನಲ್ಲಿ ಪಟ್ಟ ಹೆದರಿಕೆ ಅವನಿಗೆ ಆಗಲೇ ಮರೆತಿತ್ತು. ಆ ವಯಸ್ಸೇ ಹಾಗೆ. ಗೆಳೆಯರು ಅದಕ್ಕೆ ಭಾಜಿಗಾಡಿ ಎಂದು ಹೆಸರಿಟ್ಟು, ಬದನೆಕಾಯಿ ಹೆಂಗ ಕೊಟ್ಟಿ ಎಂದು ಕೇಳತೊಡಗಿದರು. ಅವನು ಅಪ್ಪನ ಜೊತೆ ಮಾತು ಬಿಟ್ಟ. ತಾಟಿನ ಮುಂದೆ ಕೂತು, ತಲೆ ತಗ್ಗಿಸಿ, ಸಿಟ್ಟಿನಲ್ಲೇ ಮೂರು ರೊಟ್ಟಿ ತಿಂದು ಏಳುತ್ತಾನೆ. ಬಾಳಕ್ಕ ನೋಡುತ್ತ ಕೂರುತ್ತಾಳೆ.

ಹುಣಸೆಮರಕ್ಕೆ ಈಗ ಬಿಳಿ ಬಣ್ಣದ ಪಟ್ಟೆ ಬಳಿದಿದ್ದಾರೆ. ಲಗಮಣ್ಣನ ಟ್ರೇಲರ್‌ಗಳ ಹಿಂದೆ ಹೊಳೆಯುವ ಕೆಂಪು ಪಟ್ಟಿ ಬಂದಿದೆ. ಬ್ರೇಕ್ ಹಾಕಿ ಎಂದು ಕನ್ನಡದಲ್ಲಿ, ಮರಾಠಿಯಲ್ಲಿ ಬರೆಸಿದ ಹಲಗೆಯನ್ನು ಮಲ್ಲಿನಾಥನೇ ನೆಟ್ಟ. ಮೊದಲ ಸಲ ಅಲ್ಲಿ ಗಾಡಿ ನಿಧಾನ ಮಾಡಿದಾಗ ಭೀಮಗೊಂಡನ ಬೆನ್ನು ತಣ್ಣಗಾಯಿತು. ಏನೂ ಹತ್ತಲಿಲ್ಲ. ಆದರೂ ಹಿಂದಿನ ಸೀಟಿನ ಕಡೆ ತಿರುಗಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಇದನ್ನು ಓದುವ, ಕೇಳುವ ಅಪ್ಪಂದಿರೇ, ಅಮ್ಮಂದಿರೇ, ನೇರವಾಗಿ ಹೇಳುತ್ತೇನೆ. ಹದಿನೆಂಟು ತುಂಬದ ಮಗನಿಗೆ, ಮಗಳಿಗೆ ಕಾರಿನ ಚಾವಿ ಕೊಟ್ಟರೆ ಕಾನೂನು ನಿಮ್ಮನ್ನೇ ಜೈಲಿಗೆ ಕಳಿಸಬಹುದು, ಮಗುವಿಗೆ ಇಪ್ಪತ್ತೈದು ತುಂಬುವ ತನಕ ಲೈಸನ್ಸ್ ಸಿಗದೆ ಹೋಗಬಹುದು. ಹದಿನೆಂಟು ತುಂಬಿತು ಎಂದ ಮಾತ್ರಕ್ಕೆ ರಾಕೆಟ್ಟು ಕೊಡಿಸುವುದು ಪ್ರೀತಿಯಲ್ಲ, ನಿಮ್ಮ ಡೌಲು. ಮೊದಲು ಸಣ್ಣ ಗಾಡಿ ಕೊಡಿ. ಪಕ್ಕದಲ್ಲಿ ಕೂತು ಕಲಿಸಿ. ಮಳೆಯಲ್ಲಿ, ಹೊಗೆಯಲ್ಲಿ, ಕತ್ತಲಲ್ಲಿ, ಸಂತೆಯ ದಿನ ನಡೆಸಿ ಪಳಗಲಿ. ಕಾಣದ ತಿರುವಿನಲ್ಲಿ ಬ್ರೇಕ್ ಹಾಕು ಎಂದು ನಿಮ್ಮ ಬಾಯಿಂದಲೇ ಹೇಳಿ. ಕರಿಗೊಂಬೆ ಬ್ರೇಕ್ ತುಳಿಯುವುದಿಲ್ಲ.

ಮಗ ಸಿಟ್ಟಾದಾನು. ಆಗಲಿ. ಸಿಟ್ಟಾದ ಮಗ ಊಟಕ್ಕೆ ಬರುತ್ತಾನೆ. ಉದಗಾಂವದ ಒಂದು ಮನೆಯಲ್ಲಿ ಇಂದು ಸಂಜೆಯೂ ಚಾವಿ ಒತ್ತುತ್ತಾರೆ, ಕಾರು ಕುಂಯ್ ಎನ್ನುತ್ತದೆ, ಮೂರು ತಾಟು ಹಾಕುತ್ತಾರೆ. ಇಬ್ಬರು ಉಣ್ಣುತ್ತಾರೆ.