ದಾರ ಪೋಣಿಸದ ಮಷೀನು

ಸಂಜೆ ತರಗತಿಯಲ್ಲಿ ಮೇಷ್ಟ್ರದ್ದು ಒಂದೇ ಕಟ್ಟಳೆ. ಪಕ್ಕದವರ ಕರಡನ್ನು ಓದಬೇಕು, ಮೆಚ್ಚಿದ್ದನ್ನು ಮೊದಲು ಹೇಳಬೇಕು, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಬೇಕು. ಅಷ್ಟು ಹೊತ್ತೂ ಬರೆದವರ ಬಾಯಿಗೆ ಬೀಗ. "ನಿಮ್ಮ ಉತ್ತರ ಮುಂದಿನ ಕರಡಿನಲ್ಲಿ ಬರಲಿ, ಈಗ ಬಾಯಲ್ಲಿ ಬೇಡ," ಎನ್ನುತ್ತಿದ್ದರು.

ಹಗಲು ದುಡಿದು ಸಂಜೆ ಪರೀಕ್ಷೆಗೆ ಓದುವವರ ತರಗತಿ ಅದು. ಗೋಡೆಯ ಅರ್ಧದವರೆಗೆ ಹಸಿರು ಎಣ್ಣೆಬಣ್ಣ, ಮಕ್ಕಳ ಅಳತೆಯ ಬೆಂಚು; ದೊಡ್ಡವರ ಮೊಣಕಾಲು ಡೆಸ್ಕಿಗೆ ತಗಲುತ್ತಿತ್ತು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಗಾಜಿನ ನಳಿಕೆ ತೊಳೆಯುವ ಅವಳನ್ನು ಎಲ್ಲರೂ ಲ್ಯಾಬ್ ಮೇಡಂ ಎಂದು ಕರೆಯುತ್ತಿದ್ದರು. ಸರ್ಟಿಫಿಕೇಟ್ ಕೈಗೆ ಬಂದರೆ ಟೆಕ್ನಿಷಿಯನ್ ಕೆಲಸ ಸಿಗುತ್ತದೆಂಬ ಆಸೆಗೆ ಗಂಡ ಅವಳನ್ನು ಇಲ್ಲಿಗೆ ಕಳಿಸುತ್ತಿದ್ದ. ಕಳಿಸುತ್ತಿದ್ದ ಎಂದರೆ ತಾನೇ ತಂದು ಬಿಟ್ಟು, ಮುಗಿಯುವ ಮೊದಲೇ ಬಂದು, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ.

"ಬಂದ್ರಾ ಸ್ವಾಮಿ? ನಿಮ್ಮ ಸೀಟು ರಿಸರ್ವ್ ಇಟ್ಟಿದ್ದೀನಿ," ಎಂದ ಸಹಪಾಠಿ ಬಸ್ ಕಂಡಕ್ಟರ್, ಗಂಡನಿಗೆ. ಆಮೇಲೆ ಅವಳ ಕಡೆ ತಿರುಗಿ, "ಪುಣ್ಯ ಮಾಡಿದ್ರಿ ಮೇಡಂ. ನನ್ನ ಹೆಂಡ್ತಿ ನಾನು ಮನೆಗೆ ಬಂದ್ನೋ ಇಲ್ವೋ ಅಂತಾನೂ ನೋಡಲ್ಲ."

ಗಂಡ ನಕ್ಕ. ಅವಳೂ ನಕ್ಕಳು.

ಆ ವಾರದ ವಿಷಯ, ಮರೆಯಲಾಗದ ಒಂದು ಸದ್ದು. ಸಾಮಾನ್ಯವಾಗಿ ಅವಳ ಜೋಡಿ ಕಂಡಕ್ಟರನೇ. ಇಬ್ಬರೂ ಬರೀ ಹೊಗಳಿಕೊಳ್ಳುತ್ತಾರೆಂದು ಮೇಷ್ಟ್ರು ಇವತ್ತು ಜೋಡಿಗಳನ್ನು ಬದಲಿಸಿದರು. ಅವಳ ಪಕ್ಕಕ್ಕೆ ಟೈಲರಮ್ಮ ಬಂದಳು. ಲ್ಯಾಬ್ ಮೇಡಂ ಮನೆಯ ನೇರ ಮೇಲೆ ಬಾಡಿಗೆಗಿರುವವಳು. ಮೆಟ್ಟಿಲಲ್ಲಿ ಎದುರಾದರೆ ತಲೆಯಾಡಿಸುವಷ್ಟೇ ಪರಿಚಯ. ಅದಕ್ಕಿಂತ ಹೆಚ್ಚಿನದು ಗಂಡನಿಗೆ ಸರಿಬರುತ್ತಿರಲಿಲ್ಲ.

"ನಂದು ಇನ್ನೂ ಸರಿಯಾಗಿಲ್ಲ ಸಾರ್," ಟೈಲರಮ್ಮ ಹಾಳೆಗಳನ್ನು ಎದೆಗೊತ್ತಿಕೊಂಡಳು. "ಬೇರೆ ಯಾರಿಗಾದ್ರೂ ಕೊಡ್ತೀನಿ."

"ಸರಿಯಾಗಿದ್ರೆ ಓದಿಸೋದ್ಯಾಕಮ್ಮ? ಕೊಡಿ."

ಹಾಳೆ ಕೈ ಬದಲಿಸಿತು. ಅಕ್ಷರ ದುಂಡಗಿತ್ತು, ಸಾಲು ಹೊಲಿಗೆಯಷ್ಟೇ ನೇರ.

'ನಮ್ಮ ಕೆಳಗಿನ ಮನೆಯಲ್ಲಿ ಒಂದು ಸಣ್ಣ ಕೋಣೆ ಇದೆ. ಅದರ ಚಿಲಕ ಹೊರಗಡೆ. ರಾತ್ರಿ ಅದು ಬೀಳುವ ಸದ್ದು ನನ್ನ ನೆಲದವರೆಗೂ ಕೇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಯಾರೋ ಬಾಗಿಲು ತಟ್ಟುತ್ತಾರೆ. ಬೆರಳ ಗೆಣ್ಣಿನಿಂದ, ಯಾರಿಗೂ ತೊಂದರೆಯಾಗದ ಹಾಗೆ.'

ಹಿಂದಿನ ಬೆಂಚು ಕಿರುಗುಟ್ಟಿತು. ಅವಳು ಹಾಳೆಯನ್ನು ಕೊಂಚ ತನ್ನತ್ತ ವಾಲಿಸಿಕೊಂಡಳು.

'ನನಗೆ ಕೆಳಗಿಳಿಯುವ ಧೈರ್ಯವಿಲ್ಲ. ಮಷೀನಿನ ಮುಂದೆ ಕೂತು, ದಾರ ಪೋಣಿಸದೆ, ಬಟ್ಟೆಯಿಲ್ಲದೆ ತುಳಿಯುತ್ತೇನೆ. ಮೇಲೆ ಒಬ್ಬಳಿದ್ದಾಳೆ ಎಂದು ಆಕೆಗೆ ತಿಳಿಯಲಿ ಎಂದು. ಆಕೆಗೆ ಅದು ತಿಳಿದಿರಲಾರದು. ಸದ್ದು ಮಾಡುತ್ತಾಳೆಂದು ಬೈದುಕೊಳ್ಳುತ್ತಿರಬಹುದು.'

ಓದಲು ಕೂರಿಸಿದರೆ ಎದ್ದು ಓಡಾಡುತ್ತಾಳೆ, ಫೋನು ಮುಟ್ಟುತ್ತಾಳೆ ಎಂಬುದು ಚಿಲಕಕ್ಕೆ ಗಂಡ ಕೊಟ್ಟ ಕಾರಣ. ಅವನು ದನಿ ಎತ್ತಿದವನಲ್ಲ. ನಿನ್ನ ಒಳ್ಳೆಯದಕ್ಕೇ ಎಂದು ಹೇಳಿ ಮೆಲ್ಲಗೆ ಚಿಲಕ ಸರಿಸಿ ಟಿವಿ ಮುಂದೆ ಕೂರುತ್ತಿದ್ದ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹೊತ್ತು ಸರಿಯುತ್ತಿದೆ ಎಂಬುದಕ್ಕೆ ಅವಳಿಗಿದ್ದ ಗುರುತು ತಲೆಯ ಮೇಲೆ ಓಡುವ ಆ ಮಷೀನೊಂದೇ. ಅದು ದುಡಿಮೆಯ ಸದ್ದೆಂದೇ ಅವಳು ಇಷ್ಟು ದಿನ ನಂಬಿದ್ದಳು. ತನಗಾಗಿ ಎಂದು ಒಮ್ಮೆಯೂ ಅನಿಸಿರಲಿಲ್ಲ.

"ಲ್ಯಾಬ್ ಮೇಡಂ, ಶುರು ಮಾಡಿ," ಎಂದರು ಮೇಷ್ಟ್ರು.

ಅವಳು ಎದ್ದು ನಿಂತಳು. ಗಂಡ ಮೊಬೈಲನ್ನು ಜೇಬಿಗಿಳಿಸಿದ. ಟೈಲರಮ್ಮ ಡೆಸ್ಕಿನ ಗೀರುಗಳನ್ನೇ ನೋಡುತ್ತಿದ್ದಳು; ಕಟ್ಟಳೆಯಂತೆ ತುಟಿ ಬಿಗಿದಿತ್ತು.

"ಸದ್ದಿನ ವರ್ಣನೆ ಚೆನ್ನಾಗಿದೆ," ಎಂದಳು. "ಗೆಣ್ಣಿನಿಂದ ತಟ್ಟೋದು ಅನ್ನೋದು... ಅದು ನಿಜ ಅನ್ಸುತ್ತೆ."

"ಇನ್ನೊಂದು?"

"ಕೊನೇಲಿ ಒಂದು ಸಾಲು ತಪ್ಪಾಗಿದೆ ಸಾರ್. ಆಕೆಗೆ ತಿಳಿದಿರಲಾರದು ಅಂತ ಬರೆದಿದ್ದಾರೆ. ಆಕೆಗೆ ಕೇಳಿಸುತ್ತೆ. ದಿನಾ ಅದಕ್ಕೇ ಕಾಯ್ತಾಳೆ."

"ಇದು ಮೆಚ್ಚುಗೆಯೋ, ತಿದ್ದುಪಡಿಯೋ?" ಕಂಡಕ್ಟರ್ ಕೇಳಿದ. ಯಾರೋ ನಕ್ಕರು. ಟೈಲರಮ್ಮ ತಲೆಯೆತ್ತಿದಳು. ಏನೋ ಹೇಳಲು ಬಾಯಿ ತೆರೆದಳು. ಮೇಷ್ಟ್ರು ಬೆರಳು ತೋರಿಸಿದ್ದೇ ಮುಚ್ಚಿದಳು.

"ಪ್ರಶ್ನೆ?"

ಗಂಡ ಮುಂದಕ್ಕೆ ಬಾಗಿದ್ದು ಹಿಂದೆ ತಿರುಗದೆಯೇ ಅವಳಿಗೆ ಗೊತ್ತಾಯಿತು. "ಬರೆದವರು ಕೊನೇವರೆಗೂ ಮೇಲೇ ಕೂತಿದ್ದಾರೆ," ಎಂದಳು. "ಯಾಕೆ ಕೆಳಗೆ ಇಳಿಯಲ್ಲ?"

ತರಗತಿ ಬಿಟ್ಟಾಗ ಗಂಡ ನೇರವಾಗಿ ಡೆಸ್ಕಿನ ಬಳಿ ಬಂದ. "ಏನದು ಪ್ರಬಂಧ? ಕೊಡಿ, ನಾನೂ ಓದ್ತೀನಿ."

ಟೈಲರಮ್ಮ ಹಾಳೆ ಮಡಿಚಿ ಚೀಲದ ತಳಕ್ಕೆ ತುರುಕಿದಳು. "ಕಚ್ಚಾ ಹೊಲಿಗೆ ಸಾರ್. ಈಗ್ಲೇ ಹಾಕ್ಕೊಂಡ್ರೆ ಬಿಚ್ಚಿಹೋಗುತ್ತೆ."

ಮನೆಯೊಳಗೆ ಚಪ್ಪಲಿ ಬಿಡುತ್ತಾ ಅವನು, "ಆಕೆ ಯಾರ ಮನೆ ವಿಷಯ ಬರೆದಿದ್ದು?" ಎಂದ.

"ಯಾವುದೋ ಮನೆ."

"ನಾಳೆಯಿಂದ ತರಗತಿ ಬೇಡ. ಮನೇಲೇ ಓದು, ನಾನು ಹೇಳಿಕೊಡ್ತೀನಿ."

ಚಿಲಕ ಬಿತ್ತು. ಬಾಗಿಲ ಕೆಳಗಿನ ಸಂದಿಯಲ್ಲಿ ಹೊರಗಿನ ದೀಪದ ಬೆಳಕು ಒಂದು ಎಳೆಯಷ್ಟು ಉಳಿದಿತ್ತು. ಅವಳು ಪುಸ್ತಕ ಬಿಡಿಸಲಿಲ್ಲ. ಮೇಲೆ ಮಷೀನು ಶುರುವಾಯಿತು, ಟಕಟಕಟಕ, ಎಂದಿನಂತೆ. ಈಗ ಅದರ ಸೂಜಿ ಬರಿದೆಂದು ಅವಳಿಗೆ ಗೊತ್ತಿತ್ತು. ಬರಿಸೂಜಿ ಗಾಳಿಯನ್ನೇ ಹೊಲಿಯುತ್ತಿತ್ತು.

ಅಷ್ಟರಲ್ಲಿ ಅದು ನಿಂತಿತು.

ಇಷ್ಟು ಬೇಗ ಎಂದೂ ನಿಂತದ್ದಿಲ್ಲ. ಆ ಪ್ರಶ್ನೆ ಕೇಳಬಾರದಿತ್ತು. ಟೈಲರಮ್ಮ ಹೆದರಿ ಎದ್ದುಹೋದಳೇನೋ, ಇದ್ದ ಒಂದು ಸದ್ದನ್ನೂ ತಾನೇ ಕೈಯಾರೆ ಕಳೆದುಕೊಂಡಂತಾಯಿತು. ಗೋಡೆಗೆ ಒರಗಿ ಕೂತಳು.

ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ ಕೇಳಿತು. ಅರ್ಧದಲ್ಲಿ ನಿಂತಿತು. ಮತ್ತೆ ಇಳಿಯಿತು. ಮುಂಬಾಗಿಲು ಬಡಿದ ಸದ್ದು.

"ಏನ್ರೀ?" ಗಂಡನ ದನಿ.

"ಪ್ರಬಂಧ ತಿದ್ದೋದಿತ್ತು. ಅವರನ್ನ ಕರೀರಿ."

"ಮನೇಲಿಲ್ಲ. ಅಂಗಡಿಗೆ ಹೋಗಿದ್ದಾಳೆ."

"ಹೌದಾ? ಹಾಗಾದ್ರೆ ಬರೋವರೆಗೂ ಕೂತಿರ್ತೀನಿ." ಟೈಲರಮ್ಮನ ದನಿ ನಡುಗುತ್ತಿತ್ತು. ಆದರೂ ಕುರ್ಚಿ ಎಳೆದ ಸದ್ದು ಸ್ಪಷ್ಟವಾಗಿಯೇ ಕೇಳಿತು.

ಟಿವಿ ಬಂದ್ ಆಯಿತು. ಅವರಿಗೂ ಅವಳಿಗೂ ನಡುವೆ ಹಲಗೆಯ ಒಂದು ಬಾಗಿಲು. ಅವಳು ಗೆಣ್ಣನ್ನು ಬಾಗಿಲಿಗೆ ಒಯ್ದಳು. ಬಳಿಕ ಬೆರಳು ಬಿಡಿಸಿದಳು. ತೆರೆದ ಅಂಗೈಯಿಂದ, ಇಡೀ ಕೈಯಿಂದ, ಬಡಿದಳು.

"ಅಕ್ಕಾ, ನಾನು ಇಲ್ಲೇ ಒಳಗಿದ್ದೀನಿ."