ಒದ್ದೆ ಬಟ್ಟೆಯಲ್ಲಿ ಬಂದ ಮೇಣ

ನಾನು ಹೆಬ್ಬೆರಳಿನಷ್ಟು ಅಗಲದ ಒಂದು ಮೇಣದ ತುಂಡು. ಲ್ಯಾಬಿನವರು ನನ್ನನ್ನು ಬ್ಲಾಕ್ ಎನ್ನುತ್ತಾರೆ. ನನ್ನ ನಡುವೆ ನೀಲವ್ವನ ಎದೆಯಿಂದ ತೆಗೆದ ಚೂರು ಮಾಂಸವಿದೆ. ವಿಜಯಪುರದ ಆಸ್ಪತ್ರೆಯೊಂದರಲ್ಲಿ ಅವಳ ಗಂಟು ಕೊಯ್ದು, ಅದರ ಚೂರನ್ನು ಕರಗಿದ ಮೇಣದಲ್ಲಿ ಮುಳುಗಿಸಿ ಆರಿಸಿದರು. ಅದೇ ನನ್ನ ಹುಟ್ಟು. ನೀಲವ್ವನಿಗೆ ಆಗ ಮೂವತ್ತಾರು. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು.

ಕ್ಯಾನ್ಸರ್ ಯಾವ ಜಾತಿಯದೆಂದು ನೋಡುವ ಪರೀಕ್ಷೆ ಹುಬ್ಬಳ್ಳಿಯಲ್ಲಿತ್ತು. ಗುಳಿಗೆಗೆ ಬಗ್ಗುವ ಜಾತಿಯಾದರೆ ಉಳಿಯುವ ಆಸೆ ಹೆಚ್ಚು. ನನ್ನನ್ನು ಅವಳ ಅಕ್ಕ ಕಾಶವ್ವನ ಕೈಗಿಟ್ಟು, "ಮೇಣ ಐತಿ, ಬಿಸಿಲಿಗೆ ಹಿಡೀಬ್ಯಾಡ್ರಿ" ಎಂದರು. ಏಪ್ರಿಲ್ ತಿಂಗಳು. ಕಾಶವ್ವ ನನ್ನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರೊಟ್ಟಿ ಡಬ್ಬಿಯಲ್ಲಿಟ್ಟಳು. ರೈಲು ನಿಂತಲ್ಲೆಲ್ಲ ಇಳಿದು ನೀರು ಹನಿಸಿದಳು.

ಲ್ಯಾಬಿನ ರಜಾಕ್ ಸಾಹೇಬರು ಡಬ್ಬಿ ತೆರೆದು ನಕ್ಕರು. "ಯಕ್ಕಾ, ಇದೇನ್ ಬೆಣ್ಣಿ ಅಲ್ಲ. ಇಷ್ಟಕ್ಕ ಕರಗೂದಿಲ್ಲ."

"ನಗ್ರಿ ಸಾಹೇಬ್ರ, ನಿಮಗೇನು. ಇದು ನನ್ನ ತಂಗಿ."

ಅವರು ಮತ್ತೆ ನಗಲಿಲ್ಲ.

ನನ್ನಿಂದ ಈರುಳ್ಳಿ ಪೊರೆಗಿಂತ ತೆಳುವಾದ ಪದರ ಸೀಳಿ ಮೂರು ಪರೀಕ್ಷೆ ಮಾಡಿದರು. ಒಂದರಲ್ಲಾದರೂ ಕಂದು ಬಣ್ಣ ಹತ್ತಬೇಕಿತ್ತು. ಹತ್ತಲಿಲ್ಲ. "ಗುಳಿಗಿ ನಡ್ಯೂದಿಲ್ಲ ಯವ್ವಾ. ಜೋರಿನ ಜಾತಿ ಇದು. ಕಿಮೋ ಒಂದ ದಾರಿ" ಎಂದರು ಡಾಕ್ಟರ್ ಮಾಧುರಿ. ಕಾಶವ್ವ ಒದ್ದೆ ಬಟ್ಟೆಯನ್ನು ಹಿಂಡಿ, ಮಡಚಿಕೊಂಡು ಹೋದಳು. ನಾನು ಕಪಾಟು ಸೇರಿದೆ.

ಎರಡು ವರ್ಷದ ಮೇಲೆ ಮಾಧುರಿಯವರು ಈ ಜೋರಿನ ಜಾತಿ ಎಷ್ಟು ಮಂದಿಯಲ್ಲಿದೆ ಎಂದು ಎಣಿಸಿದರು. ಕಪಾಟಿನ ಇನ್ನೂರ ಹತ್ತು ಬ್ಲಾಕುಗಳಲ್ಲಿ ಅರವತ್ತೊಂದು. ಇಷ್ಟೊಂದು ಇರಲಾರದೆಂದು ರಜಾಕ್ ಸಾಹೇಬರು ಮತ್ತೊಮ್ಮೆ ಎಣಿಸಿದರು. ಅರವತ್ತೊಂದೇ. ಅದರಲ್ಲಿ ನಾನೂ ಒಂದು. ನನಗೆ ಏನೂ ಅನಿಸಲಿಲ್ಲ. ಮೇಣ ಅಲ್ಲವೇ ನಾನು.

ಅದೇ ವಾರ ಕಾಶವ್ವ ಬಂದಳು. "ನೀಲಿ ಹೋದಳ್ರಿ. ನಮ್ಮಾಗ ಇಡೀ ಮೈ ಮಣ್ಣ ಮಾಡ್ತೀವಿ. ಈ ಚೂರೊಂದು ಹೊರಗ ಉಳದೈತಿ. ಕೊಡ್ರಿ, ಆಕಿ ಕೂಡ ಇಡ್ತೀನಿ."

ರಜಾಕ್ ಸಾಹೇಬರು ಕಪಾಟಿನಿಂದ ಬ್ಲಾಕುಗಳ ತಟ್ಟೆ ಹೊರಗೆಳೆದರು.

"ಇವೆಲ್ಲಾ ಯಾರ್ವು?"

"ನಿಮ್ಮ ತಂಗಿ ಹಂಗ ಇದ್ದವರು. ಈಕಿ ಇಪ್ಪತ್ತೊಂಬತ್ತು ವರ್ಷದಾಕಿ. ಈಕಿ ನಲವತ್ತೊಂದು. ಒಯ್ಯೂದು ನಿಮ್ಮ ಹಕ್ಕು. ಮುಂದ ಹೊಸ ಔಷಧ ಬಂದ್ರ ಇವುಗಳ ಮ್ಯಾಲ ನೋಡಬೇಕಂತಾರ ಡಾಕ್ಟರು."

ಕಾಶವ್ವ ನನ್ನನ್ನು ಅಂಗೈಯಲ್ಲಿ ಬಹಳ ಹೊತ್ತು ಹಿಡಿದಳು. ಆಮೇಲೆ ಉಳಿದವರ ನಡುವೆ ಇಟ್ಟಳು. "ಆಕಿ ಇಲ್ಲಿ ಒಬ್ಬಾಕೀನ ಅಲ್ಲಲ್ಲ. ಇರ್ಲಿ ಬಿಡ್ರಿ."

ಬಾಗಿಲಲ್ಲಿ ತಿರುಗಿ ಕೇಳಿದಳು: "ಬ್ಯಾಸಿಗ್ಯಾಗ ಫ್ಯಾನ್ ಹಾಕ್ತೀರಲ್ರಿ?"

"ಹಾಕ್ತೀನಿ ಯಕ್ಕಾ."

ಈಗ ನಾನು ಹಳಬ. ಮುಚ್ಚಿದ ಕಪಾಟಿನೊಳಗೆ ಗಾಳಿ ಬರುವುದಿಲ್ಲ, ಅದು ರಜಾಕ್ ಸಾಹೇಬರಿಗೂ ಗೊತ್ತು. ಆದರೂ ಏಪ್ರಿಲ್ ಬಂತೆಂದರೆ ಫ್ಯಾನ್ ತಿರುಗುವ ಸದ್ದು ಕೇಳುತ್ತದೆ.