ನೇರ ಪ್ರಸಾರದ ಕಲೆ

"ಇನ್ನೊಂದ್ಸಲ ಬೂದು ಹಾಕಿ," ಎಂದ ಹೃಷಿಕೇಶ.

ಟಿ.ವಿ. ರಿಪೇರಿಗೆ ಬಂದಿದ್ದ ಶಿಬು ಆಗಲೇ ಮೂರು ಸಲ ಹಾಕಿ ತೋರಿಸಿದ್ದ. ಪೆನ್‌ಡ್ರೈವ್‌ನಿಂದ ಮೊದಲು ಕೆಂಪು, ಆಮೇಲೆ ಹಸಿರು, ನೀಲಿ, ಕೊನೆಗೆ ಬೂದು. ಉಳಿದ ಬಣ್ಣಗಳಲ್ಲಿ ತಲೆಮರೆಸಿಕೊಂಡಿದ್ದದ್ದು ಬೂದು ಬಂದ ಕೂಡಲೇ ಎದ್ದು ಬರುತ್ತಿತ್ತು. ಕೆಳಗೆ ಅಡ್ಡಕ್ಕೆ ಒಂದು ಪಟ್ಟಿ. ಮೇಲೆ ಬಲಮೂಲೆಯಲ್ಲಿ ಒಂದು ಚೌಕ. ಚೌಕದೊಳಗೆ ಮಾಸಿದ ಕನ್ನಡ ಅಕ್ಷರ: ನೇರ ಪ್ರಸಾರ.

ಟಿ.ವಿ.ಯಲ್ಲಿ ಆಗ ಯಾವ ಚಾನೆಲ್ಲೂ ಇರಲಿಲ್ಲ.

"ಬರ್ನ್-ಇನ್ ಸಾರೇ," ಎಂದು ಶಿಬು ಮಲಯಾಳದಲ್ಲಿ ಹೇಳಿದ. "ಒಂದೇ ಗುರುತು ಒಂದೇ ಜಾಗದಲ್ಲಿ ವರ್ಷಗಟ್ಲೆ ನಿಂತ್ರೆ ಅಲ್ಲಿನ ಚುಕ್ಕೆಗಳಿಗೆ ಬೇಗ ವಯಸ್ಸಾಗತ್ತೆ. ಚಾನೆಲ್ ಬದಲಾಯಿಸಿದ್ರೂ ಗುರುತು ಹೋಗಲ್ಲ."

ಹೃಷಿಕೇಶನಿಗೆ ಮಲಯಾಳ ಅರ್ಥವಾಗುತ್ತಿತ್ತು. ಅರ್ಥವಾಗುತ್ತದೆಂದು ಅವನು ಒಪ್ಪಿಕೊಳ್ಳುತ್ತಿರಲಿಲ್ಲ, ಅಷ್ಟೆ.

"ಪ್ಯಾನೆಲ್ ದೋಷ ಅಂತ ರಿಪೋರ್ಟ್ ಬರೀರಿ."

"ದೋಷ ಪ್ಯಾನೆಲ್ಲಿಂದಲ್ಲ ಸಾರೇ. ಬಳಕೆದು."

"ಯಾರ ಬಳಕೆ?"

ಶಿಬು ಚಹಾದ ಲೋಟದೊಳಗೆ ಇಣುಕಿದ. "ಬಳಕೆ," ಎಂದ ಮತ್ತೆ. "ರಾತ್ರಿ ಪ್ಲಗ್ ಕೀಳ್ತೀರಾ?"

"ಕೀಳದೆ? ಈ ಊರಿನ ಗುಡುಗಿಗೆ? ಕೀಳಲೇಬೇಕು ಅಂತ ನಾನೇ ಹೇಳಿದೀನಿ."

"ಸ್ಟ್ಯಾಂಡ್‌ಬೈನಲ್ಲಿ ಮಲಗಿದ್ದಾಗ ಇದು ತನ್ನ ಮುಖ ತಾನೇ ತೊಳ್ಕೊಳ್ಳತ್ತೆ. ಕರೆಂಟೇ ಕೊಡದಿದ್ರೆ ಯಾತರಲ್ಲಿ ತೊಳ್ಕೊಳ್ಳತ್ತೆ ಸಾರೇ?"

ರಿಪೋರ್ಟಿನಲ್ಲಿ ಅವನು ಬಳಕೆ ಎಂದೇ ಬರೆದು ಹೋದ. ಹೃಷಿಕೇಶ ಸಹಿ ಮಾಡಲಿಲ್ಲ. ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ತನ್ನ ವಿರುದ್ಧದ ರಿಪೋರ್ಟನ್ನು ಅವನು ಇದೇ ಮೊದಲ ಸಲ ಓದುತ್ತಿದ್ದ. ಅವನು ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದವನು. ವಾರವಿಡೀ ಕೊಚ್ಚಿಯ ಪಾಲಾರಿವಟ್ಟಂ ಆಫೀಸು ಮತ್ತು ಅದರ ಹಿಂದಿನ ಬಾಡಿಗೆ ಕೋಣೆ. ಶನಿವಾರ ಬೆಳಿಗ್ಗೆ ರೈಲಿನಿಂದ ತಿರುವನಂತಪುರದ ತಂಪಾನೂರಿನಲ್ಲಿ ಇಳಿದರೆ ಮನೆ. ಹೆಂಡತಿ ಸುಮಿತ್ರ ಅಲ್ಲಿನ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಅವಳ ಉಪಗ್ರಹಗಳಿಗೆ ಕಕ್ಷೆಯಿತ್ತು, ಇವನಿಗೆ ರೈಲಿತ್ತು. ಒಂಬತ್ತು ವರ್ಷದ ಮಗಳ ಹೆಸರು ಸಮೀಕ್ಷಾ. ಆ ಹೆಸರಿಟ್ಟಾಗ ಅವನಿನ್ನೂ ಇನ್‌ಸ್ಪೆಕ್ಷನ್‌ಗೆ ಬಂದಿರಲಿಲ್ಲ ಎಂದರೆ ಆಫೀಸಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಈ ಮಗಳು ಫೋನಿನಲ್ಲಿ ಕೇಳಿದ್ದಳು: "ಅಚ್ಛನ್ ಎಪ್ಪೋಳಾ ವರುನ್ನೇ?"

ಮೂರು ಪದ. ಒಂದೂ ಕನ್ನಡದ್ದಲ್ಲ. ಅಪ್ಪ ಯಾವಾಗ ಬರ್ತಾರೆ ಎಂದು ಅವಳು ಕೇಳಿದ್ದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಅವನು ಗಮನಿಸಿದ. ಮುಂದಿನ ಶನಿವಾರವೇ ಅಂಗಡಿಯಲ್ಲಿದ್ದ ಅತ್ಯುತ್ತಮ ಟಿ.ವಿ. ಮನೆಗೆ ಬಂತು. ಜೊತೆಗೆ ಒಂದು ನಿಯಮವೂ ಬಂತು: ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಹಾಲಿನಲ್ಲಿ ಕನ್ನಡ ನ್ಯೂಸ್ ಚಾನೆಲ್ ಓಡುತ್ತಿರಬೇಕು. ನೋಡದಿದ್ದರೂ ಚಿಂತೆಯಿಲ್ಲ. ಕಿವಿಗೆ ಬಿದ್ದರೆ ಸಾಕು, ಬಾಯಿಗೆ ತಾನಾಗಿ ಬರುತ್ತದೆ.

ಬಂದಿರಲಿಲ್ಲ. ದಿನಾ ಫೋನಿನಲ್ಲಿ ಹೇಳುವ ನಾಲ್ಕು ಮಾತು ಬಿಟ್ಟರೆ, ಎದುರಿಗೆ ಮಗಳು ಈಗಲೂ ಮಲಯಾಳದಲ್ಲೇ ಉತ್ತರಿಸುತ್ತಿದ್ದಳು. ಇನ್ನೆರಡು ವರ್ಷ ಹೀಗೇ ಹೋದರೆ ತಾನು ಈ ಮನೆಗೆ ವಾರಕ್ಕೊಮ್ಮೆ ಬರುವ, ಮಾತು ತಿಳಿಯದ ನೆಂಟನಾಗುತ್ತೇನೆ ಎಂಬ ಭಯ ಅವನಿಗಿತ್ತು. ಭಯವನ್ನು ಅವನು ಛಲ ಎಂದು ಕರೆಯುತ್ತಿದ್ದ.

"ಹೊರಡು," ಎಂದ ಸುಮಿತ್ರಳಿಗೆ. "ಇವತ್ತೇ ಬೇರೆ ತಗೊಳ್ಳೋಣ. ಸುಡದೇ ಇರೋಂಥದ್ದು."

"ಇದಕ್ಕೇನಾಗಿದೆ ರೀ? ನೋಡಬಹುದಲ್ಲ."

"ಬೇರೆ ಏನು ಹಾಕಿದ್ರೂ ಕಲೆ ಕಾಣತ್ತೆ."

"ನಮಗೆ ಅಭ್ಯಾಸ ಆಗಿದೆ."

ಆ 'ನಮಗೆ'ಯಲ್ಲಿ ತಾನಿದ್ದೇನೆಯೇ ಎಂದು ಅವನು ಕೇಳಲಿಲ್ಲ.

ಓವರ್‌ಬ್ರಿಡ್ಜ್ ಹತ್ತಿರದ ಅಂಗಡಿಯಲ್ಲಿ ಗೋಡೆ ತುಂಬ ಟಿ.ವಿ. ಎಲ್ಲದರಲ್ಲೂ ಒಂದೇ ಗಿಳಿ ಒಂದೇ ಹೊತ್ತಿಗೆ ರೆಕ್ಕೆ ಬಿಚ್ಚುತ್ತಿತ್ತು. ಕೊರಳಲ್ಲಿ ಐಡಿ ಕಾರ್ಡು ಹಾಕಿಕೊಂಡ ಹುಡುಗಿ ಅಪ್ಪ, ಅಮ್ಮ, ಮಗಳು ಮೂವರನ್ನೂ ಎರಡು ಟಿ.ವಿ.ಗಳ ನಡುವೆ ನಿಲ್ಲಿಸಿದಳು.

"ಇದ್ರಲ್ಲಿ ಕಪ್ಪು ಅಂದ್ರೆ ಕಪ್ಪೇ ಸಾರ್," ಎಂದಳು ಇಂಗ್ಲಿಷಿನಲ್ಲಿ. "ಆದ್ರೆ ಲೋಗೋ ಅಂಟಿಕೊಳ್ಳೋ ಭಯ ಇದೆ. ಅದ್ರಲ್ಲಿ ಆ ಭಯ ಇಲ್ಲ. ಆದ್ರೆ ಕಪ್ಪು ಸ್ವಲ್ಪ ಬೂದು."

"ಬೂದಾದ್ರೂ ಪರವಾಗಿಲ್ಲ. ಏನನ್ನೂ ನೆನಪಿಟ್ಕೊಳ್ಳದೇ ಇರೋ ಟಿ.ವಿ. ಬೇಕು."

ಹುಡುಗಿ ನಕ್ಕಳು. ಅವನು ನಗಲಿಲ್ಲವೆಂದು ಗೊತ್ತಾದ ಮೇಲೆ ಡಾಕ್ಟರಂತೆ ವಿಚಾರಿಸತೊಡಗಿದಳು.

"ದಿನಕ್ಕೆ ಎಷ್ಟು ಹೊತ್ತು ಹಾಕ್ತೀರಿ?"

"ಐದು ಗಂಟೆ."

"ಒಂದೇ ಚಾನೆಲ್?"

"ಒಂದೇ."

"ಯಾರು ನೋಡ್ತಾರೆ ಸಾರ್?"

"ಮಗಳು."

ಗಿಳಿಗಳನ್ನು ನೋಡುತ್ತಿದ್ದ ಸಮೀಕ್ಷಾ ತಿರುಗಿದಳು. ಅವನ ಕಡೆಗಲ್ಲ, ಅಂಗಡಿ ಹುಡುಗಿಯ ಕಡೆಗೆ.

"ಆರುಂ ಕಾಣಾರಿಲ್ಲ ಚೇಚೀ. ಮ್ಯೂಟಿಲಾ."

ಯಾರೂ ನೋಡೋದಿಲ್ಲ ಅಕ್ಕ. ಮ್ಯೂಟಲ್ಲಿರತ್ತೆ. ವಾಕ್ಯ ಅವನ ತಲೆಯೊಳಗೆ ತಾನಾಗಿಯೇ ಕನ್ನಡವಾಯಿತು. ಯಾರೂ ಕೇಳದೆ ಮೂರು ವರ್ಷ ಓಡಿದ ಕನ್ನಡ ಕೊನೆಗೂ ಒಂದು ಕಿವಿಗೆ ಬಿದ್ದಿತ್ತು, ಅವನದೇ ಕಿವಿಗೆ.

ಹುಡುಗಿ ಇನ್ನೊಬ್ಬ ಗಿರಾಕಿಯನ್ನು ನೆನಪಿಸಿಕೊಂಡು ಅತ್ತ ಹೋದಳು.

"ಮ್ಯೂಟಾ?" ಎಂದ ಸುಮಿತ್ರಳಿಗೆ.

"ನೀವಿಲ್ಲದ ದಿನ ಅವಳು ಓದ್ಕೋಬೇಕಲ್ವೇನ್ರೀ. ಆ ಕಿರುಚಾಟದಲ್ಲಿ ಓದಕ್ಕಾಗತ್ತಾ?"

"ಮತ್ತೆ ಹಾಕ್ತಿದ್ದದ್ದು ಯಾಕೆ?"

"ನೀವು ವಿಡಿಯೋ ಕಾಲ್ ಮಾಡಿದಾಗ ಹಿಂದೆ ಕಾಣ್ಲಿ ಅಂತ."

"ಕಾಲ್ ಹತ್ತು ನಿಮಿಷ. ಐದು ಗಂಟೆ ಯಾಕೆ?"

"ಯಾವ ಹತ್ತು ನಿಮಿಷ ಅಂತ ಒಂದಿನಾನಾದ್ರೂ ಹೇಳಿದ್ರಾ?"

ಹೇಳಿರಲಿಲ್ಲ. ಮುಂಚೆ ಹೇಳಿ ಹೋಗುವುದು ತಪಾಸಣೆಯಲ್ಲ, ನೆಂಟಸ್ತಿಕೆ ಎನ್ನುವುದು ಅವನ ವೃತ್ತಿಯ ಮೊದಲ ಪಾಠ. ಅದಕ್ಕೇ ಅವನು ಮನೆಗೆ ಒಂದು ದಿನ ಐದೂ ಹತ್ತಕ್ಕೆ ಫೋನ್ ಮಾಡುತ್ತಿದ್ದ, ಇನ್ನೊಂದು ದಿನ ಒಂಬತ್ತೂ ಐವತ್ತಕ್ಕೆ. ಶಾಖೆಗಳಲ್ಲಿ ಸಾಹೇಬರಿಗಾಗಿ ಹೂದಾನಿ ಇಟ್ಟಿರುವುದನ್ನು, ಆರು ತಿಂಗಳ ಹಾಜರಿಯನ್ನು ಒಂದೇ ಪೆನ್ನಿನಲ್ಲಿ ಒಂದೇ ಕೂತಲ್ಲಿ ತುಂಬಿರುವುದನ್ನು ಅವನು ಬಾಗಿಲಲ್ಲೇ ಮೂಸಿ ಹೇಳುತ್ತಿದ್ದ. ಮನೆಯಲ್ಲಿ ಮಾತ್ರ ಮೂಗು ಕಟ್ಟಿತ್ತು. ಹೆಂಡತಿ ಇದ್ದಾಳೆ, ಮಗಳು ಇದ್ದಾಳೆ, ಹಿಂದೆ ಕೆಂಪು ಪಟ್ಟಿ ಓಡುತ್ತಿದೆ. ಸರಿ. ಪ್ರತಿದಿನ ಮನಸ್ಸಿನಲ್ಲೇ ಒಂದು ಟಿಕ್.

"ನೀವು ಒಂದು ಹೊತ್ತು ಗೊತ್ತು ಮಾಡಿದ್ರೆ ಪ್ಯಾನೆಲ್ಲಾದ್ರೂ ಉಳೀತಿತ್ತು," ಎಂದಳು ಸುಮಿತ್ರ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಂಸ್ಥೆಯಲ್ಲಿ ವಿಫಲವಾದ ಪ್ರಯೋಗಗಳ ಬಗ್ಗೆಯೂ ಅವಳು ಹೀಗೇ ಮಾತಾಡುತ್ತಿದ್ದಿರಬೇಕು.

"ನಂಗೆ ಹೇಳಬಹುದಿತ್ತು."

"ಮುಖ ನೋಡ್ಕೊಂಡು ಹೇಳೋ ಮಾತು ಅದು. ಫೋನಲ್ಲಿ ನೀವು ನಮ್ಮನ್ನೆಲ್ಲಿ ನೋಡ್ತಿದ್ರಿ? ಟಿ.ವಿ. ನೋಡ್ತಿದ್ರಿ."

ಗಿಳಿಗಳೆಲ್ಲ ಒಟ್ಟಿಗೆ ರೆಕ್ಕೆ ಮುಚ್ಚಿದವು.

"ಟಿ.ವಿ. ಬೇಡ," ಎಂದ ಹೃಷಿಕೇಶ.

ಆಟೋದಲ್ಲಿ ಬರುವಾಗ ಅವನ ಮನಸ್ಸು ವಿಚಿತ್ರವಾಗಿ ಹಗುರವಾಗಿತ್ತು. ತಪ್ಪು ಸಿಕ್ಕಿದೆ, ಸಿಕ್ಕ ತಪ್ಪನ್ನು ತಿದ್ದಬಹುದು. ಯಾವನೋ ಸ್ಟುಡಿಯೋದಲ್ಲಿ ಅರಚುವವನಿಗೆ ಮಗಳ ಕನ್ನಡವನ್ನು ಗುತ್ತಿಗೆ ಕೊಟ್ಟದ್ದೇ ತಪ್ಪು. ತಾನಿದ್ದೇನೆ. ತನಗೆ ಬಾಯಿದೆ. ತಾನೇ ಮಾತಾಡುತ್ತೇನೆ, ಇವತ್ತಿನಿಂದ, ಈಗಿನಿಂದ. ಇಷ್ಟು ಸರಳವಾದದ್ದು ಮೂರು ವರ್ಷ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ನಗುವೂ ಬಂತು.

ಮನೆ ಸೇರಿದಾಗ ನಾಲ್ಕು ಗಂಟೆ. ಸುಮಿತ್ರ ಅಡುಗೆಮನೆಗೆ ಹೋದಳು. ಮಗಳು ಸೋಫಾದಲ್ಲಿ ಕಾಲು ಮಡಚಿ ಕೂತಳು. ಹೃಷಿಕೇಶ ಊಟದ ಮೇಜಿನ ಕುರ್ಚಿ ಎಳೆದು ತಂದು ಅವಳ ಎದುರಿಗೆ ಹಾಕಿದ. ಟಿ.ವಿ. ಅವನ ಬೆನ್ನ ಹಿಂದೆ ಬಂತು.

"ನಾವಿಬ್ರೂ ಮಾತಾಡೋಣ ಪುಟ್ಟಿ. ಕನ್ನಡದಲ್ಲಿ."

"ಎಂತಿನಾ?"

"ಯಾಕೂ ಇಲ್ಲ. ಸುಮ್ನೆ."

ಅವಳು ಸುಮ್ಮನೆ ಕಾದಳು. ಒಳ್ಳೆಯ ಹುಡುಗಿ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿದಳು.

ಏನು ಹೇಳುವುದು? ಪಾಲಾರಿವಟ್ಟಂನ ಕೋಣೆಯ ಕಿಟಕಿಯಲ್ಲಿ ಮೆಟ್ರೋ ಹಾದು ಹೋಗುತ್ತದೆ. ಹೇಳಬಹುದು. ಹೋಗುತ್ತದೆ, ಆಮೇಲೆ? ಭಾನುವಾರ ರಾತ್ರಿ ವಾಪಸು ಹೋದಾಗ ಕೋಣೆಯ ಬೀಗ ತೆಗೆಯುವ ಮುಂಚೆ ಒಂದು ನಿಮಿಷ ಹೊರಗೇ ನಿಲ್ಲುತ್ತಾನೆ. ಅದನ್ನು ಮಗುವಿಗೆ ಹೇಳುತ್ತಾರೆಯೇ? ತಾನು ಸಣ್ಣವನಿದ್ದಾಗ... ಸಣ್ಣವನಿದ್ದಾಗ ಏನು? ತಲೆಯೊಳಗೆ ಕನ್ನಡವೇನೋ ರಾಶಿ ಬಿದ್ದಿತ್ತು. ಒಂದೊಂದನ್ನೂ ಎತ್ತಿ ನೋಡಿದರೆ ಅದು ಟಿಪ್ಪಣಿಯಾಗಿತ್ತು, ಇಲ್ಲವೇ ಆಕ್ಷೇಪಣೆಯಾಗಿತ್ತು. ಬಿಡಬಾರದು ಎಂದುಕೊಂಡ. ಹಲ್ಲು ಕಚ್ಚಿ ಹುಡುಕಿದ. ಬಾಯಿ ತೆರೆದ.

"ಊಟ ಆಯ್ತಾ?"

"ಆಯ್ತು," ಎಂದಳು ಸಮೀಕ್ಷಾ.

ಕನ್ನಡ! ಅಚ್ಚುಕಟ್ಟಾದ, ಮೈಸೂರಿನವರೂ ತಪ್ಪು ಹುಡುಕಲಾಗದ ಕನ್ನಡ. ಅವನ ಎದೆ ಉಬ್ಬಿತು. ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಮುಂದಿನ ಮಾತಿಗೆ ತಡಕಾಡಿದ. ಅದು ಸಿಗುವ ಮುಂಚೆಯೇ ಅವಳು ಹೇಳಿದಳು:

"ಹೋಂವರ್ಕ್ ಮುಗೀತು."

ಅವನು ಕೇಳಿರಲಿಲ್ಲ.

"ಸ್ಕೂಲಲ್ಲಿ ಏನೂ ವಿಶೇಷ ಇಲ್ಲ."

ತಮಾಷೆ ಮಾಡುತ್ತಿದ್ದಾಳೆಯೇ ಎಂದು ಮುಖ ನೋಡಿದ. ತಮಾಷೆ ಇರಲಿಲ್ಲ. ಏನೂ ಇರಲಿಲ್ಲ. ಅವಳ ಕಣ್ಣು ಅವನ ಕಣ್ಣಿನಲ್ಲಿರದೆ ಒಂದು ಗೇಣು ಮೇಲೆ, ಫೋನಿನ ಕ್ಯಾಮೆರಾ ಇರುವ ಎತ್ತರದಲ್ಲಿ ನಿಂತಿತ್ತು. ಪ್ರತಿ ಉತ್ತರದ ನಂತರ ಅವಳು ಒಂದು ಪ್ರಶ್ನೆಗೆ ಹಿಡಿಯುವಷ್ಟು ಹೊತ್ತು ನಿಲ್ಲುತ್ತಿದ್ದಳು.

ಹೊರಗೆ ಮಳೆ ಹನಿಯತೊಡಗಿತು. ಕಿಟಕಿಯ ಮೇಲಿನ ತಗಡು ಸದ್ದು ಮಾಡಿತು.

"ಇಲ್ಲಿ ಮಳೆ ಇಲ್ಲ," ಎಂದಳು.

"ಸಮೀಕ್ಷಾ."

"ಇಲ್ಲ, ಹಠ ಮಾಡಿಲ್ಲ."

"ಪುಟ್ಟಿ, ನಾನು ಇಲ್ಲೇ ಇದೀನಿ. ನೋಡಿಲ್ಲಿ."

"ಹ್ಞೂ ಅಪ್ಪ." ಒಂದು ಪ್ರಶ್ನೆಯಷ್ಟು ಮೌನ. "ಅಮ್ಮಂಗೆ ಕೊಡ್ಲಾ?"

ಉತ್ತರಕ್ಕೆ ಕಾಯದೆ ಅವಳು ಬಲಗೈಯನ್ನು ಅಡುಗೆಮನೆಯ ಕಡೆ ಚಾಚಿದಳು. ಬೆರಳುಗಳು ಒಂದು ಫೋನಿನ ದಪ್ಪಕ್ಕೆ ಬಾಗಿದ್ದವು. ಒಳಗಿನಿಂದ ಸುಮಿತ್ರ ಬಂದಳು. ಮಗಳ ಕೈಯಲ್ಲಿ ಏನಿದೆ ಎಂದು ನೋಡಲಿಲ್ಲ. ಒದ್ದೆ ಕೈಯನ್ನು ಚೂಡಿದಾರಿಗೆ ಒರೆಸಿಕೊಂಡು ತನ್ನ ಅಂಗೈಯನ್ನೂ ಮುಂದಕ್ಕೆ ಚಾಚಿದಳು.